ಉಪದೇಶಿ ಚಿನ್ನಪ್ಪನವರ ಮಂಡಿ

ಬೆಳಿಗ್ಗೆ ಹತ್ತು ನಲವತ್ತಕ್ಕೆ ನನ್ನ ನೋಟ್‌ಬುಕ್ಕಿನ ಮೇಲೆ ಮಣ್ಣು ಉದುರಿತು. ಬೆಳಕವಾಡಿ ದಾರಿಯ ಹಳ್ಳಿಯೊಂದರ ಹೆಂಚಿನ ಚರ್ಚಿನಲ್ಲಿ, ಹಳೆಯ ಚರ್ಚುಗಳ ಬಗ್ಗೆ ಬರೆಯಲೆಂದು, ಗೋಡೆಕಲ್ಲಿನ ಮೇಲೆ ಕೆತ್ತಿದ್ದ ಪಾದ್ರಿಗಳ ಹೆಸರುಗಳನ್ನು ಬರೆದುಕೊಳ್ಳುತ್ತಿದ್ದೆ. ಮಕ್ಕಳಿಗೆ ಪ್ರಾರ್ಥನೆ ಕಲಿಸುವ ಉಪದೇಶಿ, ಎಪ್ಪತ್ತು ದಾಟಿದ ಚಿನ್ನಪ್ಪ, ಪಕ್ಕದಲ್ಲಿ ನಿಂತು ಹೇಳುತ್ತಿದ್ದರು: "ಮೊದ್ಲು ಇಲ್ಲಿ ಗುಡಿಸ್ಲು ಚರ್ಚಿತ್ತು. ಆಮೇಲೆ ಈ ತೊಲೇನ ನಮ್ಮಪ್ಪನೋರು ಎಗಲ ಮೇಲೆ ಒತ್ಕೊಂಡು ಬಂದ್ರು."

ಸೂರು ರಿಪೇರಿಗೆ ಮಳವಳ್ಳಿಯಿಂದ ಬಂದಿದ್ದ ಬಡಗಿ ಅನ್ವರ್ ಏಣಿಯ ಮೇಲಿಂದ ಕೂಗಿದ: "ಆಚೆ ಓಡ್ರಿ! ತೊಲೆ ಬುಟ್ಕತಾ ಐತೆ!"

ನಾನು ಓಡಿದೆ. ಬಾಗಿಲಾಚೆ ನಿಂತು ತಿರುಗಿ ನೋಡಿದರೆ, ಚಿನ್ನಪ್ಪ ಬಲಿಪೀಠದ ಕಡೆ ಮುಖ ಮಾಡಿ ಒಂದು ಮಂಡಿ ಊರಿದ್ದರು. ಚರ್ಚಿನಿಂದ ಹೊರಡುವ ಮುಂಚೆ ಅವರು ದಿನವೂ ಮಾಡುವುದು ಅದೇ. ಆದರೆ ಆ ಮಂಡಿ ಈಗ ಏಳಲು ಬಿಡುತ್ತಿರಲಿಲ್ಲ. ನಾನು ನಿಂತಲ್ಲೇ ನಿಂತಿದ್ದೆ. ಅನ್ವರ್ ಏಣಿಯಿಂದ ಧುಮುಕಿ, ಅವರ ಕಂಕುಳಿಗೆ ಕೈಹಾಕಿ ಎಳೆದುತಂದ. ಹಿಂದೆಯೇ ತೊಲೆ ಬಿತ್ತು. ಧೂಳಿನಲ್ಲಿ ಪೀಠವೇ ಕಾಣಲಿಲ್ಲ.

"ಇಂಥಾ ಒತ್ನಲ್ಲೂ ಮಂಡಿ ಊರ್ಬೇಕಾ ತಾತ?" ಎಂದ ಅನ್ವರ್, ಏದುಸಿರು ಬಿಡುತ್ತ.

"ಸ್ವಾಮಿಗೆ ಬೆನ್ನು ಆಕ್ಕೊಂಡು ಎಂಗ್ಲಾ ಓಡದು?"

ನಾನು ಉಳಿದುಕೊಂಡಿದ್ದ ಮದ್ದೂರಿನ ಲಾಡ್ಜಿನಲ್ಲಿ ನಾಲ್ಕು ರಾತ್ರಿ ತೊಲೆ ಬಿದ್ದ ಆ ಸದ್ದಿಗೇ ಎಚ್ಚರವಾಯಿತು. ಭಾನುವಾರ ಮತ್ತೆ ಅಲ್ಲಿಗೆ ಹೋದೆ. ಚರ್ಚಿನ ಅಂಗಳದಲ್ಲಿ ಚಪ್ಪರ ಹಾಕಿ ಪೂಜೆ ನಡೆಸಿದ್ದರು. ಮುಗಿದ ಮೇಲೆ ಚಿನ್ನಪ್ಪ ಮಂಡಿ ಊರಿದರು. ನಾನು ಹತ್ತಿರ ಹೋಗಿ ತೋಳು ಹಿಡಿದುಕೊಂಡೆ.

"ಗಟ್ಟಿಯಾಗಿ ಇಡ್ಕಳಿ," ಎಂದರು. "ಇವತ್ತೂ ಓಡ್ಬುಟ್ಟೀರಾ!"

ಅವರು ಎದ್ದು ನಿಲ್ಲುವವರೆಗೂ ಕೈ ಬಿಡಲಿಲ್ಲ. ಅಂದು ರಾತ್ರಿ ಬೆಳಗಿನವರೆಗೂ ಎಚ್ಚರವಾಗಲಿಲ್ಲ.