ಆಕಾಶದಲ್ಲಿ ಏನೂ ಹಾರಲಿಲ್ಲ

ಆ ಸಂಜೆ ಮಧುಗಿರಿ ಬೆಟ್ಟದ ಹತ್ತಿರ ಏನೂ ಹಾರಲಿಲ್ಲ. ಜನ ಕಂಡದ್ದು ನನ್ನ ಗಂಡನ ಕೈಲಿದ್ದ ಪಂಜು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹಾರಿತು ಎಂದೆ. ಒಂದು ಪತ್ರಿಕೆಯವರಿಗೆ ಒಂದು ಥರ, ಇನ್ನೊಂದು ಪತ್ರಿಕೆಯವರಿಗೆ ಇನ್ನೊಂದು ಥರ ಹೇಳಿದೆ. ಅದರಿಂದ ನಿನ್ನ ಅಪ್ಪ ಜೈಲಿಗೆ ಹೋದರು, ಸುಶೀಲಾ.

ಹೋದ ವಾರ ನೀನು ಬಂದು, "ಚಿಕ್ಕಮ್ಮ, ನಮ್ಮಪ್ಪ ನಿಜವಾಗ್ಲೂ ಜಪಾನಿನವರಿಗೆ ದೀಪ ತೋರ್ಸಿದ್ರಾ?" ಎಂದು ಕೇಳಿದೆ. ನಿನ್ನ ತಲೆಯೂ ನರೆತಿದೆ, ಇನ್ನೂ ಅದೇ ಪ್ರಶ್ನೆ. ನಾನು "ಹಳೇ ಮಾತು ಬುಡು ತಾಯಿ" ಎಂದು ಕಾಫಿ ಕೊಟ್ಟು ಕಳಿಸಿದೆ. ಎದುರಿಗೆ ಹೇಳುವ ಬಾಯಿ ನನಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಈ ನಾಲ್ಕಕ್ಷರ ಕಲಿಸಿದವರೂ ನಿನ್ನ ಅಪ್ಪನೇ — ಊರಿನವರ ರುದ್ರಪ್ಪ ಮೇಷ್ಟ್ರು.

ಯುದ್ಧದ ಕಾಲ. ಶತ್ರುವಿನ ವಿಮಾನ ಬರುತ್ತದೆ ಎಂದು ಊರಿಗೆಲ್ಲ ಭಯ. ಬೆಟ್ಟ ಹತ್ತಿದವರನ್ನು ಹಿಡಿದು ಹಾಕುತ್ತೇವೆ ಎಂದು ಸರ್ಕಾರ ತಮಟೆ ಹೊಡೆಸಿ ಸಾರಿತ್ತು. ನಮ್ಮದು ಜೇನು ಕೀಳುವ ಮನೆ. ತಮಟೆ ಹೊಡೆದರೆ ಹೆಜ್ಜೇನು ಕಟ್ಟುವುದು ಬಿಡುತ್ತದೆಯೇ? ಕತ್ತಲು ಕವಿಯುವ ಹೊತ್ತಿಗೆ ನಮ್ಮ ಯಜಮಾನರು ಸೊಂಟಕ್ಕೆ ಹಗ್ಗ ಬಿಗಿದು ಬಂಡೆಯ ಮೇಲಿಂದ ಇಳಿದರು. ಮೇಲೆ ಹಗ್ಗ ಹಿಡಿದವನು ನನ್ನ ಅಣ್ಣ. ಹಗ್ಗ ಹಿಡಿಯುವುದು ಯಾವಾಗಲೂ ಹೆಂಡತಿಯ ಅಣ್ಣನೋ ತಮ್ಮನೋ. ಒಡಹುಟ್ಟಿದವಳು ಮುಂಡೆಯಾಗಲಿ ಎಂದು ಯಾರೂ ಕೈಬಿಡುವುದಿಲ್ಲವಲ್ಲ. ಪಂಜು ಕೊಡವಿದರೆ ಕಿಡಿ ಕೆಳಗೆ ಉದುರುತ್ತದೆ, ಹುಳುಗಳು ಕಿಡಿಯ ಹಿಂದೆ ಇಳಿದು ಹೋಗುತ್ತವೆ, ಆಗ ಗೂಡು ಕೊಯ್ಯಬೇಕು. ಊರಿನಿಂದ ನೋಡಿದರೆ ಕತ್ತಲಲ್ಲಿ ಬಂಡೆ ಕಾಣುವುದಿಲ್ಲ. ಬೆಂಕಿಯೊಂದೇ — ಇಳಿಯುತ್ತದೆ, ಪಕ್ಕಕ್ಕೆ ಸರಿಯುತ್ತದೆ, ಮತ್ತೆ ಏರುತ್ತದೆ.

ನಮ್ಮಲ್ಲಿ ಇನ್ನೊಂದು ಕಟ್ಟಳೆ. ಹಗ್ಗದ ಮೇಲಿರುವವನು ನೆಲ ಮುಟ್ಟುವ ತನಕ ಮನೆಯ ಹೆಂಗಸು ಅವನ ಹೆಸರೆತ್ತಬಾರದು, ಅವನ ಕೆಲಸವನ್ನೂ ಬಾಯಲ್ಲಿ ತರಬಾರದು. ಬಾವಿಕಟ್ಟೆಯ ಹತ್ತಿರ ಹೆಂಗಸರು, "ಅಯ್ಯಯ್ಯೋ, ಏನೇ ಸಿದ್ದಮ್ಮಿ ಅದು!" ಎಂದರು.

"ಏನೋ ಆಕಾಸದ್ದು ಕಣ್ರೇ. ಹಾರ್ಕಂಡ್ ಹೋಯ್ತಾ ಐತೆ" ಎಂದೆ.

ಅಷ್ಟು ಕಟ್ಟಳೆ. ಯಜಮಾನರು ನೆಲ ಮುಟ್ಟಿದರು, ಕಟ್ಟಳೆಯೂ ಮುಗಿಯಿತು. ಆಮೇಲೆ ಹೇಳಿದ್ದೆಲ್ಲ — ಅದು ನನ್ನದೇ.

ಮೂರನೇ ದಿನ ಪೇಪರಿನವರು ಬಂದರು. ಮೊದಲು ಬಂದವರು ಕರಿ ಕೋಟಿನವರು, ಸರ್ಕಾರದ ಕಡೆಯ ಪತ್ರಿಕೆ. "ಅದು ಸನ್ನೆ ಮಾಡ್ದಂಗೆ ಇತ್ತೇನಮ್ಮ? ಮೇಲೆ ಕೆಳಗೆ, ಯಾರಿಗೋ ತೋರಿಸ್ದಂಗೆ?" ಎಂದರು.

"ಊಂ ಸ್ವಾಮಿ, ತೋರಿಸ್ದಂಗೇ ಇತ್ತು."

ಮಧ್ಯಾಹ್ನ ಖಾದಿ ಜುಬ್ಬದವರು ಬಂದರು, ಚಳವಳಿಯ ಕಡೆಯ ಪತ್ರಿಕೆ. "ದುಂಡಗಿತ್ತಾ ತಾಯಿ? ಸದ್ದು ಬಂತಾ? ಬಿಳಿಯರ ಗುಟ್ಟಿನ ವಿಮಾನ ಇರಬೇಕು. ಸರ್ಕಾರ ಮುಚ್ಚಿಡ್ತಾ ಇದೆ."

"ದುಂಡಗಿತ್ತು. ಗುಂಯ್ ಅಂತಿತ್ತು" ಎಂದೆ.

ಅವರು ಕೇಳಿದ್ದು ಅವರಿಗೆ ಬೇಕಾದ್ದನ್ನು. ನಾನು ಕೊಟ್ಟೆ. ಗಂಡ, ಅಣ್ಣ ಇಬ್ಬರೂ ಉಳಿಯಬೇಕಿತ್ತು, ನಿಜ. ಆದರೆ ಬರೀ ಅದೇ ಅಲ್ಲ. ಕೋಟು ಹಾಕಿದವರು ನನ್ನ ಮಾತನ್ನು ಬರೆದುಕೊಳ್ಳುವುದನ್ನು ನೋಡಲು ನನಗೆ ಖುಷಿಯಾಗಿತ್ತು. ಅದನ್ನೂ ಹೇಳಿಬಿಡುತ್ತೇನೆ.

ಪತ್ರಿಕೆಗಳು ಬಂದ ದಿನ ನಿನ್ನ ಅಪ್ಪ ಎರಡನ್ನೂ ತಂದು ಜಗಲಿಯ ಮೇಲೆ ಹರಡಿದರು. ಸಂಜೆ ನಾವು ಐದು ಜನ ಹೆಂಗಸರು ಅಲ್ಲೇ ಅಕ್ಷರ ಕಲಿಯುತ್ತಿದ್ದೆವು. "ಸಿದ್ದಮ್ಮ, ನಿಮ್ಮ ಹೆಸರು ಅಚ್ಚಾಗಿದೆ. ನೀವೇ ಓದಿ" ಎಂದರು. ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಒಂದರಲ್ಲಿ ಚಳವಳಿಯ ದ್ರೋಹಿಗಳು ಶತ್ರುವಿಗೆ ತೋರಿಸಿದ ದೀಪ. ಇನ್ನೊಂದರಲ್ಲಿ ಸರ್ಕಾರ ಮುಚ್ಚಿಟ್ಟ ಹಾರುಬಂಡಿ. ಎರಡಕ್ಕೂ ಸಾಕ್ಷಿ ನಾನೇ.

ಮೇಷ್ಟ್ರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಇದು ಇವರು ಬರೆದದ್ದಾಯ್ತು. ನೀವು ಕಂಡದ್ದೇನು?"

"ಅವ್ರು ಬರ್ದವ್ರಲ್ಲಾ ಮೇಷ್ಟ್ರೇ, ಅದೇಯ ಕಂಡಿದ್ದು."

ಅವರು ನಕ್ಕರು. "ಅಚ್ಚಾದದ್ದೆಲ್ಲ ನಿಜ ಅನ್ಕೊಳ್ಳಲಿ ಅಂತ ನಿಮಗೆ ಅಕ್ಷರ ಕಲಿಸ್ಲಿಲ್ಲ ಕಣಮ್ಮ."

ಆಗ ಹೇಳಬಹುದಿತ್ತು. ಅವರು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ — ಇರಲಿ.

ಆಮೇಲೆ ಶಿರಾದವರಿಗೂ ಕಂಡಿತು, ಕೊರಟಗೆರೆಯವರಿಗೂ ಕಂಡಿತು. ಪಾವಗಡದಲ್ಲಿ ಎರಡು ಕಂಡವಂತೆ, ಒಂದು ಹಸಿರಂತೆ. ಹೋಟೆಲಿನಲ್ಲಿ ಒಂದು ಬೆಂಚಿನವರು ಒಂದು ಪತ್ರಿಕೆ, ಎದುರು ಬೆಂಚಿನವರು ಇನ್ನೊಂದು. "ನಿಂದು ಸುಳ್ಳು ಪೇಪರ್ ಕಣ್ಲಾ!" "ನಿಂದು ದೊರೆ ಎಂಜಲು ನೆಕ್ಕೋ ಪೇಪರ್ ಕಣ್ಲಾ!" ಬೆಟ್ಟದ ಕಡೆ ತಲೆಯೆತ್ತಿ ನೋಡಿದವನು ಒಬ್ಬನೂ ಇಲ್ಲ. ನಮ್ಮ ಮನೆಯಲ್ಲಿ ಮಡಕೆ ತುಂಬ ಜೇನು.

ಕೋಟಿನವರ ಪತ್ರಿಕೆ ದೀಪ ತೋರಿಸಿದವನು ಯಾರು ಎಂದು ದಿನಾ ಕೇಳತೊಡಗಿತು. ಮೇಷ್ಟ್ರು ಖಾದಿ ಉಡುತ್ತಿದ್ದರು. ಶಾಲೆಯ ಮಕ್ಕಳನ್ನು ಲಾಟೀನು ಹಿಡಿದು ಬಯಲಿಗೆ ಕರೆದೊಯ್ದು ನಕ್ಷತ್ರ ತೋರಿಸುತ್ತಿದ್ದರು. ಅಷ್ಟು ಸಾಕಾಯಿತು. ಪೊಲೀಸಿನವರು ಬಂದು ಅವರನ್ನೂ ಲಾಟೀನನ್ನೂ ಒಯ್ದರು. ಬೀದಿಯಲ್ಲಿ ನಿಂತವರೊಳಗೆ ನಾನೂ ಇದ್ದೆ. ಅವರು ನನ್ನ ಕಡೆ ನೋಡಿದರು. ನಾನು ಸೆರಗು ಸರಿಮಾಡಿಕೊಂಡೆ.

ಹನ್ನೊಂದು ತಿಂಗಳಿಗೆ ಬಿಟ್ಟರು. ಬಂದಾಗ ಕೆಮ್ಮಿದರೆ ರಕ್ತ. ಮುಂದಿನ ಯುಗಾದಿ ಕಾಣಲಿಲ್ಲ. ಸತ್ತಾಗ ಎರಡೂ ಪತ್ರಿಕೆ ಒಂದು ಸಾಲೂ ಬರೆಯಲಿಲ್ಲ. ಅಷ್ಟರಲ್ಲಿ ಅವರಿಗೆ ಬೇರೆ ಸುದ್ದಿ ಸಿಕ್ಕಿತ್ತು.

ನಾನು ಒಂದು ಸಲ ಬಾಯಿ ಬಿಟ್ಟೆ. ಮೇಷ್ಟ್ರನ್ನು ಒಯ್ದು ನಾಲ್ಕು ದಿನಕ್ಕೆ ಖಾದಿ ಜುಬ್ಬದವರು ಮತ್ತೆ ಊರಿಗೆ ಬಂದಿದ್ದರು. ಸಂಜೆ ಅವರನ್ನು ಛತ್ರದ ಬಾಗಿಲಲ್ಲಿ ಹಿಡಿದು, "ಸ್ವಾಮಿ, ಅದು ಜೇನಿನ ಪಂಜು. ನಮ್ಮೆಜಮಾನ್ರು ಹಿಡಿದಿದ್ರು. ಬರ್ದ್ಬುಡಿ, ಮೇಷ್ಟ್ರನ್ನ ಬುಡಿಸಿ" ಎಂದೆ.

ಅವರು ನನ್ನನ್ನು ಬಾಗಿಲಿಂದ ಪಕ್ಕಕ್ಕೆ ಕರೆದರು. ಕೆಟ್ಟವರಲ್ಲ. "ನೋಡು ತಾಯಿ, ವಿಮಾನ ಅಂತ ನಾವೇ ಬರೆದಿದ್ದೀವಿ. ಈಗ ಪಂಜು ಅಂದ್ರೆ ನಾಳೆ ನಮ್ಮ ಪೇಪರನ್ನ ಯಾರು ನಂಬ್ತಾರೆ? ಆ ಕಡೆಯವರು ನಗಲ್ವಾ? ಮೇಷ್ಟ್ರು ಜೈಲಲ್ಲಿರೋದು ಚಳವಳಿಗೆ ಒಳ್ಳೇದೇ. ನಿನ್ನ ಗಂಡನೂ ಉಳೀತಾನೆ. ಮನೆಗೆ ಹೋಗು."

ಅವರು ಹಾಗೆ ಹೇಳಲಿ ಎಂದೇ ಹೋಗಿದ್ದೆನೋ ಏನೋ. ಕೋಟಿನವರ ಹತ್ತಿರ ಹೋಗಲಿಲ್ಲ. ಪೊಲೀಸಿನವರ ಹತ್ತಿರ ಹೋಗಲಿಲ್ಲ. ಮನೆಗೆ ಹೋದೆ. ನಿದ್ದೆಯೂ ಬಂತು.

ಮಾರನೇ ಬೆಳಗ್ಗೆ ಮಡಕೆಯಿಂದ ಒಂದು ಬಟ್ಟಲು ಜೇನು ಸೋಸಿಕೊಂಡು ನಿಮ್ಮ ಮನೆಗೆ ಹೋದೆ. ನಿನಗೆ ಆಗ ಆರು ತಿಂಗಳು. ನಿನ್ನ ಅಮ್ಮ ಬೆರಳಲ್ಲಿ ಅದ್ದಿ ನಿನ್ನ ನಾಲಿಗೆಗೆ ಸವರಿದರು. ನೀನು ಚಪ್ಪರಿಸಿದೆ. "ಎಷ್ಟು ಚೆನ್ನಾಗೈತೆ! ಬೆಟ್ಟ ಹತ್ತಂಗಿಲ್ವಲ್ಲ ಈಗ, ಎಲ್ಲಿದು ಸಿದ್ದಮ್ಮ?" ಎಂದು ಕೇಳಿದರು.

"ಸಂತೇದು" ಎಂದೆ.

ಖಾಲಿ ಬಟ್ಟಲು ಹಿಂದಕ್ಕೆ ಕೊಡಬಾರದೆಂದು ನಿನ್ನ ಅಮ್ಮ ಒಳಗೆ ಹೋಗಿ ಡಬ್ಬಿ ತಡಕಿ, ಒಂದು ಹಿಡಿ ಹುರಿಗಡಲೆ ಹಾಕಿ ಕೊಟ್ಟರು. ಮನೆಯಲ್ಲಿ ಇನ್ನೇನೂ ಇರಲಿಲ್ಲವೆಂದು ಕಾಣುತ್ತದೆ. ಬೇಡ ಎನ್ನಲಿಲ್ಲ ನಾನು. ಬೀದಿಯುದ್ದಕ್ಕೂ ಅದನ್ನು ತಿಂದುಕೊಂಡೇ ಮನೆಗೆ ಬಂದೆ.