ಎರಡು ಸಲ ಬದಲಿಸಿದ ಬರ್ಫ

ಅಂಕೋಲೆಯ ಮೀನುಗಾರ ಗಣಪತಿಯಣ್ಣನ ಮಗಳಿಗೆ ಮೂಳೆ ಕ್ಯಾನ್ಸರ್. ಕ್ಯಾನ್ಸರ್ ಕೋಶವನ್ನೇ ಹುಡುಕಿ ಹಿಡಿಯುವ ಪ್ರತಿಕಾಯದ ಹೊಸ ಇಂಜೆಕ್ಷನ್ನನ್ನು ಮಂಗಳೂರಿನಿಂದ ತರಬೇಕಿತ್ತು. "ತಂಪಾಗಿ ಇಟ್ಕೊಂಡು ಬನ್ನಿ" ಎಂದು ಫೋನಿನಲ್ಲಿ ಹೇಳಿದವಳು ಕಾರವಾರದ ಆಸ್ಪತ್ರೆಯ ನರ್ಸ್ ಆಗಿದ್ದ ನಾನೇ.

ಆತ ಮೀನಿನ ಪೆಟ್ಟಿಗೆ ಹೊತ್ತುಕೊಂಡೇ ಬಂದ. ಮೀನಿಗೆ ಹಾಕುವ ಮಂಜುಗಡ್ಡೆ, ಉಪ್ಪು ಬೆರೆಸಿದ ಆ ಬರ್ಫದ ಪುಡಿಯೊಳಗೆ ಸೀಸೆಯ ಔಷಧಿ ಕಲ್ಲಾಗಿತ್ತು.

"ಹೊನ್ನಾವರದಲ್ಲೊಮ್ಮೆ, ಅಂಕೋಲೆಯಲ್ಲೊಮ್ಮೆ ಬರ್ಫ ಬದಲು ಮಾಡ್ದೆ, ಸಿಸ್ಟರ್," ಎಂದ ಹೆಮ್ಮೆಯಿಂದ.

"ಹೆಪ್ಪುಗಟ್ಟಿದ್ರೆ ಈ ಔಷಧಿ ಹಾಳಾದ ಹಾಗೇ, ಗಣಪತಿಯಣ್ಣ. ಕೊಡ್ಲಿಕ್ಕೆ ಆಗುದಿಲ್ಲ."

"ಕರಗಿದ ಮೇಲೂ?"

"ಕರಗಿದ ಮೇಲೂ."

ಆದರೂ ಸೀಸೆಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದು, ಅದು ಪೂರ್ತಿ ಕರಗುವವರೆಗೂ ಬೆಂಚಿನ ಮೇಲೆ ಕೂತೇ ಇದ್ದ.

ಎಷ್ಟು ತಂಪು ಎಂದು ನಾನು ಹೇಳಿರಲಿಲ್ಲ. ನನಗೆಂದು ಅದೇ ಬರ್ಫದಲ್ಲಿ ತಂದಿದ್ದ ನಾಲ್ಕು ಬಂಗಡೆ ಮೀನು ಮಾತ್ರ ಚೂರೂ ಕೆಟ್ಟಿರಲಿಲ್ಲ.