ಫರಸಿಯ ಮೇಲೆ ನಕ್ಕ ಕುದುರೆ

ತಾಂಡೂರಿನ ವೈಜಿನಾಥರ ತಲೆ ಬೋಳು ಎಂಬುದು ಊರಿಗೆಲ್ಲ ಗೊತ್ತಿದ್ದ ಗುಟ್ಟು. ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದವರು ಅವರೊಬ್ಬರೇ. ನೆಲಕ್ಕೆ ಹಾಸುವ ಫರಸಿ ಕಲ್ಲಿನ ತಮ್ಮ ಅಂಗಡಿಯಲ್ಲಿ ಬಿಳಿ ಟೋಪಿ, ಮದುವೆ ಮನೆಯಲ್ಲಿ ರೇಷ್ಮೆ ರುಮಾಲು, ಮಲಗುವಾಗ ಮಫ್ಲರು. ಬೇಸಿಗೆಯಲ್ಲೂ ಮಫ್ಲರೇ. ತಾಂಡೂರಿನ ಬೇಸಿಗೆ ಕಂಡವರಿಗೆ ಈ ಮಾತಿನ ತೂಕ ತಿಳಿದೀತು. ಮನುಷ್ಯ ಕೆಟ್ಟವರಲ್ಲ. ಬಿರುಕು ಬಿಟ್ಟ ಕಲ್ಲನ್ನು ಒಳ್ಳೆಯದರ ನಡುವೆ ಸೇರಿಸಿ ಮಾರಿದವರಲ್ಲ. ಆದರೆ ಸಿಟ್ಟು ಮೂಗಿನ ತುದಿಯಲ್ಲೇ ಇತ್ತು, ಮರ್ಯಾದೆ ಟೋಪಿಯ ಕೆಳಗಿತ್ತು.

ಆ ಮರ್ಯಾದೆಯನ್ನು ಒಂದು ಕುದುರೆ ತಿಂದುಬಿಟ್ಟಿತು.

ತಮ್ಮನ ಮಗನ ಮದುವೆ. ಮದುಮಗನನ್ನು ಕುದುರೆಯ ಮೇಲೆ ಕೂರಿಸಿ ಮೆರವಣಿಗೆ ಹೊರಟಿತ್ತು. ಫೋಟೊದವನು, "ಹಿರ್‍ಯಾರು ಕುದುರಿ ಬಾಜುಕ ನಿಂದರ್‍ರಿ" ಎಂದ. ವೈಜಿನಾಥರು ಎದೆಯುಬ್ಬಿಸಿ ನಿಂತರು. ಅವರ ರುಮಾಲಿಗೆ ಯಾರೋ ಚೆಂಡು ಹೂವು ಸಿಕ್ಕಿಸಿದ್ದರು. ಮದುವೆಗಳಿಗೆ ಕುದುರೆ ಬಾಡಿಗೆ ಕೊಡುವ ಮೊಗಲಪ್ಪನ ಬಿಳಿ ಕುದುರೆ ಚಾಂದನಿ ಕತ್ತು ಬಾಗಿಸಿತು, ಹಲ್ಲು ಕಿಸಿಯಿತು, ರುಮಾಲನ್ನು ಕಿತ್ತುಕೊಂಡು ನೆಮ್ಮದಿಯಾಗಿ ಜಗಿಯತೊಡಗಿತು. ಮೆರವಣಿಗೆಯ ದೀಪಗಳೆಲ್ಲ ವೈಜಿನಾಥರ ನೆತ್ತಿಯ ಮೇಲೆ ಹೊಳೆದವು. ಬ್ಯಾಂಡಿನವರು ಊದುವುದು ಬಿಟ್ಟು ನಕ್ಕರು. ಮದುಮಗ ಬಾಸಿಂಗದ ಮರೆಯಲ್ಲಿ ನಕ್ಕ. ಇದನ್ನೆಲ್ಲ ಅವರು ಹೇಗೋ ನುಂಗಿಕೊಳ್ಳುತ್ತಿದ್ದರು. ಆದರೆ ಎಲ್ಲರಿಗಿಂತ ಜೋರಾಗಿ, ಬಾಯಿಗೆ ಸೆರಗು ಕೂಡ ಹಿಡಿಯದೆ ನಕ್ಕವರು ಹೆಂಡತಿ ಸುಗಲಾಬಾಯಿ.

ಮನೆಗೆ ಬಂದವರೇ ಹೆಂಡತಿಯ ಜೊತೆ ಮಾತು ಬಿಟ್ಟರು. ಚಹಾ ಬೇಕಾದರೆ ಸೊಸೆ ವಾಣಿಶ್ರೀಯನ್ನು ಕರೆದು, "ನಿಮ್ಮತ್ತಿಗಿ ಹೇಳು" ಎನ್ನುತ್ತಿದ್ದರು. ಅತ್ತೆ ಎದುರಿಗೇ ನಿಂತಿರುತ್ತಿದ್ದರು. ಸುಗಲಾಬಾಯಿ ಕೆಲವು ದಿನ ನೋಡಿದರು. ಆಮೇಲೊಂದು ಬೆಳಿಗ್ಗೆ ಚೀಲ ತುಂಬಿಕೊಂಡು ನಾರಾಯಣಖೇಡದ ತವರಿಗೆ ಹೊರಟು ನಿಂತರು.

"ನಕ್ಕಿದ್ದೇ ತಪ್ಪಂದ್ರ ನಾ ಈ ಮನ್ಯಾಗ ಇರಂಗಿಲ್ಲವ್ವಾ," ಎಂದು ಸೊಸೆಗೆ ಕೇಳುವಂತೆ, ಗಂಡನಿಗೆ ಇನ್ನೂ ಚೆನ್ನಾಗಿ ಕೇಳುವಂತೆ ಹೇಳಿದರು. "ಬಾ ಅಂತ ಅವರ ಬಾಯಿಲೇ ಅನ್ಲಿ. ಆವಾಗ ಬರ್ತೀನಿ."

ಅಷ್ಟೇ, ಬಾ ಎಂದರೆ ಮುಗಿಯುತ್ತಿತ್ತು. ವೈಜಿನಾಥರು ಎಷ್ಟೋ ಸಲ ಫೋನು ಕೈಗೆತ್ತಿಕೊಂಡರು. ಮಾತು ಗಂಟಲ ತನಕ ಬಂದು ಅಲ್ಲೇ ಕೂರುತ್ತಿತ್ತು. ಮನೆ ಬಿಕೋ ಎನ್ನುತ್ತಿತ್ತು. ಸೊಸೆಯ ರೊಟ್ಟಿಗೇನೂ ಕೊರತೆಯಿರಲಿಲ್ಲ, ಆದರೆ ಬಡಿಯುವ ಸದ್ದು ಬೇರೆ. ಮೇಲಾಗಿ, ಹೆಂಡತಿ ಇಲ್ಲದ ಮೇಲೆ ಮಾತು ಬಿಡುವುದಾದರೂ ಯಾರ ಜೊತೆ?

ವಾಣಿಶ್ರೀ ಶಾಲೆಯಲ್ಲಿ ಚಿತ್ರ ಕಲಿಸುವವಳು. ಮಾವ ಅನ್ನ ಕಲಸಿ ಹಾಗೇ ಏಳುವುದನ್ನು ನೋಡಲಾರದೆ ಒಂದು ದಿನ ಹೇಳಿದಳು: "ಮಾಂವಾರ, ಯಾರ ಮ್ಯಾಲ ಸಿಟ್ಟದ ಅವರ ಮುಂದ ಸುಮ್ಮ ಕುಂತು ಚಿತ್ರ ತೆಗೀಬೇಕಂತ್ರಿ. ಮನಸಿನಾಗ ಏನದ ಅಂಬೋದು ತಾನ ತಿಳೀತದಂತ."

ಅತ್ತೆಯ ಫೋಟೊ ಮುಂದಿಟ್ಟುಕೊಂಡು ಕೂರುತ್ತಾರೆಂದು ಅವಳ ಲೆಕ್ಕ. ವೈಜಿನಾಥರ ಲೆಕ್ಕ ಬೇರೆ. ಹೆಂಡತಿ ನಾರಾಯಣಖೇಡದಲ್ಲಿದ್ದಾಳೆ, ಇನ್ನೊಬ್ಬ ಅಪರಾಧಿ ಊರಲ್ಲೇ ಇದೆ. ಸಂಜೆ ಅಂಗಡಿಯಿಂದ ಒಡೆದ ನೀಲಿ ಫರಸಿಯೊಂದನ್ನೂ, ಕಲ್ಲಿಗೆ ಗೆರೆ ಹಾಕುವ ಸೀಮೆಸುಣ್ಣವನ್ನೂ ಹಿಡಿದು ಮೊಗಲಪ್ಪನ ಕೊಟ್ಟಿಗೆಗೆ ಹೋದರು.

ಮೊಗಲಪ್ಪ ಗಾಬರಿಯಿಂದ ಎದ್ದು ಬಂದ. "ರುಮಾಲಿನ ಸಲುವಾಗಿ ಬಂದ್ರೇನ್ರೀ ಸಾವಕಾರ್‍ರ?"

"ಇಲ್ಲ. ನಿನ್ನ ಕುದುರಿ ಚಿತ್ರ ತೆಗೀಲಾಕ ಬಂದೀನಿ."

ಮೊಗಲಪ್ಪನಿಗೆ ಇದು ಇನ್ನೂ ದೊಡ್ಡ ಬೆದರಿಕೆಯಂತೆ ಕೇಳಿತು.

ಮೊದಲ ದಿನ ತೆಗೆದ ಕುದುರೆ ಆಡಾಯಿತು. ಮರುದಿನದ್ದು ನಾಲ್ಕು ಕಾಲಿನ ಹೊರಸು ಮಂಚ. ಸಾಲದ್ದಕ್ಕೆ ವೈಜಿನಾಥರು ಬುಸುಗುಡುತ್ತ ಕೂತಾಗಲೆಲ್ಲ ಚಾಂದನಿ ತಿರುಗಿ ನಿಂತು ಬಾಲ ತೋರಿಸುತ್ತಿತ್ತು. ಅವರು ಬಾಲವನ್ನೇ ತೆಗೆದರು. ಒರೆಸಿದರು, ಮತ್ತೆ ತೆಗೆದರು. ದಿನ ಕಳೆದಂತೆ ಬುಸುಗುಡುವುದು ಮರೆತುಹೋಯಿತು. ಕುದುರೆಯೂ ಈ ಕಡೆ ತಿರುಗಿತು. ಅದರ ಕಿವಿ ಎಷ್ಟು ಚಿಕ್ಕ ಸದ್ದಿಗೂ ಹೊರಳುತ್ತದೆಂದು ಅವರಿಗೆ ಆಗ ಕಾಣಿಸಿತು.

ಒಂದು ಸಂಜೆ ಮೊಗಲಪ್ಪ ಯಾವುದೋ ಮದುವೆಯಲ್ಲಿ ಉಳಿದ ಹೂವಿನ ಹಾರ ತಂದು ಚಾಂದನಿಗೆ ತಿನ್ನಿಸುತ್ತಿದ್ದ. "ಚೆಂಡು ಹೂ ಅಂದ್ರ ಜೀವಾ ಬಿಡ್ತಾಳ್ರಿ ಇಕಿ. ಅವತ್ತ ಇಕಿಗಿ ಬೇಕಾಗಿದ್ದು ಹೂವ್ರೀ. ರುಮಾಲು ಹಿಂದಿಂದ ಬಂತು."

ವೈಜಿನಾಥರು ಕೆಳಗೆ ಬಿದ್ದ ಒಂದು ಚೆಂಡು ಹೂವನ್ನು ಎತ್ತಿ ಚಾಂದನಿಯ ಬಾಯಿಗಿಟ್ಟರು. ಹಾಗಾದರೆ ಕುದುರೆ ಅವಮಾನ ಮಾಡಿರಲಿಲ್ಲ, ಹೂವು ಕಂಡಿತು, ತಿಂದಿತು. ಸುಗಲಾಗೂ ನಗು ಬಂತು, ನಕ್ಕಳು. ಅವಳಿಗೆ ಅಡಗಿಸಿ ನಗಲು ಬರುತ್ತಲೇ ಇರಲಿಲ್ಲ. ಅಷ್ಟಕ್ಕೆ ಮನೆ ಬಿಡಿಸಿದೆನಲ್ಲ ಎಂದು ಅವರಿಗೆ ನಿಜಕ್ಕೂ ನಾಚಿಕೆಯಾಯಿತು.

ಅವತ್ತು ಕುದುರೆ ಕುದುರೆಯಾಗಿಯೇ ಬಂತು. ಹಲ್ಲು ಕಿಸಿದು ಕತ್ತು ಓರೆ ಮಾಡಿದ ಕುದುರೆ. ಆದರೆ ಮುಂದಿನ ಎರಡು ಹಲ್ಲುಗಳ ನಡುವೆ ಸಂದಿ. ಕಣ್ಣಿನ ಮೂಲೆಯಲ್ಲಿ ನಗುವಾಗ ಬೀಳುವ ನೆರಿಗೆ. ಗದ್ದದ ಮೇಲೆ ಒಂದು ಮಚ್ಚೆ. ಇಷ್ಟು ವರ್ಷ "ಸಾವಕಾಶ ನಗು" ಎಂದು ಗದರಿದ್ದ ನಗುವನ್ನು ಕೈ ಯಾವಾಗ ಕಲಿತಿತ್ತೋ! ಒರೆಸಲು ಮನಸ್ಸಾಗದೆ ಅಲ್ಲೇ ಗೋಡೆಗೆ ಒರಗಿಸಿ ಮನೆಗೆ ಹೋದರು.

ಮೊಗಲಪ್ಪನಿಗೆ ಇದಾವುದೂ ತಿಳಿಯದು. ಕುದುರೆ ಚೆನ್ನಾಗಿ ಬಂದಿದೆ ಎಂದು ಫೋಟೊ ಹೊಡೆದು, "ವೈಜಿನಾಥ ಸಾವಕಾರ್‍ರು ತೆಗೆದದ್ದು, ಮದುವೆಗೆ ಕುದುರೆ ಸಿಗುತ್ತದೆ" ಎಂದು ವಾಟ್ಸಾಪ್ ಸ್ಟೇಟಸಿಗೆ ಹಾಕಿದ. ಬೆಳಗಾಗುವುದರೊಳಗೆ ಅದು ಕೈಯಿಂದ ಕೈಗೆ ದಾಟಿ ನಾರಾಯಣಖೇಡ ಮುಟ್ಟಿತು. ಸುಗಲಾಬಾಯಿ ಸೊಸೆಗೆ ಫೋನು ಮಾಡಿದರು: "ನಿಮ್ಮ ಮಾಂವ ನನ್ನ ಕುದುರಿ ಮಾಡಿ ಊರಿಗೆಲ್ಲ ತೋರ್ಸ್ಯಾರ! ಬರ್ಲಾಕತ್ತೀನಿ, ಕೇಳಿ ಹೊಳ್ಳಿ ಹೋಗ್ತೀನಿ!"

ಜಹೀರಾಬಾದಿನಲ್ಲಿ ಬಸ್ಸು ಬದಲಿಸಿ, ದಾರಿಯುದ್ದಕ್ಕೂ ಮಾತು ಮಸೆದುಕೊಂಡು, ಅವರು ನೇರ ಕೊಟ್ಟಿಗೆಗೇ ಬಂದಿಳಿದರು. ಎಂದಿನಂತೆ ಚಾಂದನಿಯ ಮುಂದೆ ಕೂತಿದ್ದ ವೈಜಿನಾಥರು ಎದ್ದು ನಿಂತರು.

"ಯಾರ್‍ರೀ ಇಕಿ? ಈ ಹಲ್ಲಿನ ಸಂದಿ ಯಾರ್‍ದು? ಮಚ್ಚಿ ಯಾರ್‍ದು? ನಾ ನಿಮಗ ಕುದುರಿ ಕಂಡಂಗ ಕಾಣ್ತೀನೇನು?"

ವೈಜಿನಾಥರು ಟೋಪಿ ಸರಿಮಾಡಿಕೊಂಡರು. ಅಲ್ಲಿ ಮಾತು ಮುಟ್ಟಿಸಲು ಸೊಸೆ ಇರಲಿಲ್ಲ.

"ನಾ ಕುದುರೀನೇ ತೆಗೀಲಾಕತ್ತಿದ್ದೆ ಸುಗಲಾ," ಎಂದರು. "ನಡುವ ನೀ ಬಂದಿ."

ಸುಗಲಾಬಾಯಿ ಬಗ್ಗಿ ಫರಸಿಯನ್ನು ನೋಡಿದರು. "ಗದ್ದದ ಮಚ್ಚಿ ಸುದ್ದಾ ನೆನಪದೇನ್ರೀ?" ಎನ್ನುವಾಗ ದನಿ ಬೇರೆಯಾಗಿತ್ತು.

"ನೀ ಇಲ್ದ ಮನ್ಯಾಗ ಇರ್‍ಲಾಕ ಆಗವಲ್ದು."

ಅಷ್ಟರಲ್ಲಿ ಚಾಂದನಿ ಕತ್ತು ಇಳಿಸಿ ಫರಸಿಯನ್ನು ನೆಕ್ಕಿತು. ಹಲ್ಲು, ನೆರಿಗೆ, ಮಚ್ಚೆ, ಎಲ್ಲ ಹೋಯಿತು.

"ಅಯ್ಯ, ಹೋತಲ್ರೀ ನನ್ನ ಮಾರಿ! ಮತ್ತ ತೆಗೀರಿ."

"ಬಾ," ಎಂದರು ವೈಜಿನಾಥರು. ಗಂಟಲಲ್ಲಿ ಕೂತಿದ್ದದ್ದು ಇಷ್ಟು ಸಲೀಸಾಗಿ ಬಂದದ್ದಕ್ಕೆ ಅವರಿಗೇ ಆಶ್ಚರ್ಯ. "ಬಾ, ಇಲ್ಲಿ ಕೂಡು. ನಕ್ಕೊಂತ ಕೂಡು."

"ನಗು ಅಂದ್ರ ನಗು ಬರ್ತದೇನ್ರೀ?"

ವೈಜಿನಾಥರು ಮೊಗಲಪ್ಪನ ಕಡೆ ನೋಡಿದರು. ಅವನ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ದಾರಿಯಲ್ಲಿ ಹೋಗುವ ಇಬ್ಬರು ಇತ್ತಲೇ ನೋಡುತ್ತಿದ್ದರು. ವೈಜಿನಾಥರು ತಮ್ಮ ಕೈಯಾರೆ ಟೋಪಿ ತೆಗೆದು ಪಕ್ಕಕ್ಕಿಟ್ಟರು.

ಸುಗಲಾಬಾಯಿ ಸೆರಗು ಹಿಡಿಯದೆ ನಕ್ಕರು. ಚಾಂದನಿ ಟೋಪಿಯ ಕಡೆಗೆ ಕತ್ತು ಚಾಚಿದ್ದು ವೈಜಿನಾಥರಿಗೆ ಕಂಡಿತು. ಕಂಡರೂ ತಲೆಯೆತ್ತದೆ, ಆ ನಗು ನಿಲ್ಲುವ ಮೊದಲು ಮುಗಿಸಬೇಕೆಂದು ಬೇಗ ಬೇಗ ಗೆರೆ ಎಳೆಯುತ್ತಿದ್ದರು.